ಸುಳ್ಳೆಂದು ಒಪ್ಪಿಕೊಂಡಿದ್ದೇ ತಪ್ಪು: ಕೌಂಟ್ ಅಲ್ಗರೊಟ್ಟಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೌಂಟ್ ಫ್ರಾಂಚೆಸ್ಕೊ ಅಲ್ಗರೊಟ್ಟಿಯವರಿಗೆ,

ನೀವೇ ಹೇಳಿ ಬರೆಸಿದ ಒಂದು ಚಿತ್ರದ ಪರವಾಗಿ, ನಿಮ್ಮ ವಿರುದ್ಧವೇ ವಾದ ಹೂಡಲು ಈ ಪತ್ರ ಬರೆಯುತ್ತಿದ್ದೇನೆ. ನೀವು 1764ರಲ್ಲಿ ಪೀಸಾದಲ್ಲಿ ತೀರಿಕೊಂಡಿರಿ. ಚಿತ್ರ ಈಗ ಪಾರ್ಮಾದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಬರೆದವರು ನಿಮ್ಮೂರಾದ ವೆನಿಸ್ಸಿನವರೇ, ಜೊವಾನ್ನಿ ಅಂತೋನಿಯೊ ಕನಾಲ್. ಲೋಕ ಅವರನ್ನು ಕ್ಯಾನಲೆಟ್ಟೊ ಎಂದು ಕರೆಯುತ್ತದೆ. ಆ ಚಿತ್ರ ಬರೆಸುವಾಗ ನಿಮಗಿದ್ದ ಧೈರ್ಯ ಅಂಥ ಕಲೆಯ ಪರವಾಗಿ ಮಾತಾಡುವಾಗ ಇರಲಿಲ್ಲ. ನನ್ನ ತಕರಾರು ಇಷ್ಟೇ, ಆದರೆ ಅದನ್ನು ಸರಿಯಾಗಿ ಬಿಡಿಸಿ ಹೇಳಲು ಸ್ವಲ್ಪ ಜಾಗ ಬೇಕು.

ಚಿತ್ರ ನೋಡದ ಓದುಗರಿಗಾಗಿ ಮೊದಲು ಅದರಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ವೆನಿಸ್ಸಿನ ಗ್ರ್ಯಾಂಡ್ ಕೆನಾಲ್, ಅದರ ನಟ್ಟನಡುವೆ ರಿಯಾಲ್ಟೊ ಇರುವ ಜಾಗ. ನೀರು ವೆನಿಸ್ಸಿನದೇ, ಬೆಳಕು ವೆನಿಸ್ಸಿನದೇ, ಹಿಂದೆ ಮುಂದೆ ಓಡಾಡುವ ಗೊಂಡೋಲಗಳೂ ಸರಕಿನ ದೋಣಿಗಳೂ ಅಲ್ಲಿಯವೇ. ಆದರೆ ನಾವೆಲ್ಲ ಬಲ್ಲ ಒಂಟಿ ಕಮಾನಿನ ಸೇತುವೆ ಅಲ್ಲಿಲ್ಲ. ಅದರ ಬದಲು ಮೂರು ಕಮಾನುಗಳ ಮೇಲೆ, ದೇವಾಲಯದಂಥ ಮುಖಮಂಟಪ, ಸಾಲುಗಂಬಗಳು, ತ್ರಿಕೋನದ ಶಿಖರ ಹೊತ್ತ ಇನ್ನೊಂದು ಸೇತುವೆ ನಿಂತಿದೆ. ಅದು ಆಂಡ್ರಿಯಾ ಪಲ್ಲಾಡಿಯೊ ಯೋಜಿಸಿ, 1570ರಲ್ಲಿ ತಮ್ಮ ‘ವಾಸ್ತುಶಿಲ್ಪದ ನಾಲ್ಕು ಪುಸ್ತಕ’ಗಳ ಮೂರನೆಯದರಲ್ಲಿ ಅಚ್ಚು ಹಾಕಿಸಿದ ಸೇತುವೆ. ಯಾರೂ ಕಟ್ಟಲಿಲ್ಲ. ಸೇತುವೆಯ ಒಂದು ಬದಿಗೆ ಪಲ್ಲಾಡಿಯೊ ಅವರೇ ವಿಚೆಂಜಾ ಊರಿನಲ್ಲಿ ಕಟ್ಟಿದ ಬೆಸಿಲಿಕಾ, ಇನ್ನೊಂದು ಬದಿಗೆ ಅದೇ ಊರಿನ ಕಿಯೆರಿಕಾತಿ ಅರಮನೆ. ವಿಚೆಂಜಾದಲ್ಲಿ ಕಾಲುವೆಯ ಅಂಚಿನಲ್ಲಿ ಇಲ್ಲದ ಈ ಎರಡು ಕಟ್ಟಡಗಳು ಅರುವತ್ತು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಬಂದು ಕೆನಾಲಿನ ನೀರಿಗೆ ಕಾಲಿಟ್ಟು ನಿಂತಿವೆ. ಎಲ್ಲವೂ ಅಲ್ಲಿ ಹುಟ್ಟಿ ಬೆಳೆದಂತೆ ಕಾಣುತ್ತವೆ. ಕಟ್ಟದೇ ಇದ್ದ ಸೇತುವೆಯ ಕಲ್ಲಿಗೂ ಕ್ಯಾನಲೆಟ್ಟೊ ನಿಜವಾದ ಕಲ್ಲಿನಷ್ಟೇ ಬಿಸಿಲು, ಅಷ್ಟೇ ನೆರಳು ಕೊಟ್ಟಿದ್ದಾರೆ.

1759ರಲ್ಲಿ ನೀವು ಬೊಲೋನ್ಯದ ಚಿತ್ರಕಾರ ಪ್ರೊಸ್ಪೆರೊ ಪೆಶ್ಶಿಗೆ ಬರೆದ ಪತ್ರದಲ್ಲಿ ಈ ಚಿತ್ರವನ್ನು ವರ್ಣಿಸಿದ್ದೀರಿ. ಇದು ಚಿತ್ರಕಲೆಯ ಹೊಸ ಬಗೆ, ಇರುವ ಒಂದು ಜಾಗವನ್ನು ತೆಗೆದುಕೊಂಡು ಬೇರೆ ಕಡೆಯ ಸುಂದರ ಕಟ್ಟಡಗಳಿಂದ ಅದನ್ನು ಸಿಂಗರಿಸುವುದು, ಹೀಗೆ ಪ್ರಕೃತಿಯನ್ನೂ ಕಲೆಯನ್ನೂ ಒಂದುಗೂಡಿಸುವುದು ಎಂಬ ಅರ್ಥದ ಮಾತು ಅಲ್ಲಿದೆ. ಆ ಪತ್ರದಲ್ಲಿ ನಿಮ್ಮ ಸಂತೋಷ ಉಕ್ಕುತ್ತದೆ. ಆದರೆ ಹೊಸ ಬಗೆ ಎಂಬ ಮಾತನ್ನು ಒಪ್ಪಲಾರೆ. ಜೋಸೆಫ್ ಸ್ಮಿತ್ ನಿಮಗೆ ಚೆನ್ನಾಗಿ ಗೊತ್ತು. ವೆನಿಸ್ಸಿನಲ್ಲಿ ನೆಲೆಸಿದ್ದ ಆ ಇಂಗ್ಲಿಷ್ ವ್ಯಾಪಾರಿ 1744ರಲ್ಲಿ ಬ್ರಿಟನ್ನಿನ ಕಾನ್ಸಲ್ ಆದರು; ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಾಗಿಲುಗಳ ಮೇಲೆ ತೂಗುಹಾಕಲೆಂದು ಕ್ಯಾನಲೆಟ್ಟೊ ಅವರಿಂದ ಚಿತ್ರಗಳ ಒಂದು ಸಾಲನ್ನೇ ಬರೆಸಿದರು. ಪಲ್ಲಾಡಿಯೊ ಸೇತುವೆ ಆ ಸಾಲಿನಲ್ಲೂ ಇದೆ. ಸಂತ ಮಾರ್ಕನ ಬೆಸಿಲಿಕಾದ ಮುಂಭಾಗದ ಮೇಲಿದ್ದ ನಾಲ್ಕು ಕಂಚಿನ ಕುದುರೆಗಳನ್ನು ಕೆಳಗಿಳಿಸಿ, ಚೌಕದಲ್ಲಿ ಎತ್ತರದ ಪೀಠಗಳ ಮೇಲೆ ನಿಲ್ಲಿಸಿದ ಚಿತ್ರವೂ ಸ್ಮಿತ್ ಅವರದೇ, ಅದು 1743ರದು. 1762ರಲ್ಲಿ ಸ್ಮಿತ್ ತಮ್ಮ ಸಂಗ್ರಹವನ್ನು ಮೂರನೆಯ ಜಾರ್ಜ್ ದೊರೆಗೆ 20,000 ಪೌಂಡಿಗೆ ಮಾರಿದ್ದರಿಂದ ಈ ಎರಡೂ ಚಿತ್ರಗಳು ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಹಾಗಾಗಿ ಮೊದಲಿಗರು ಯಾರು ಎಂಬ ಹೆಗ್ಗಳಿಕೆಯನ್ನು ಸ್ಮಿತ್ ಅವರೊಂದಿಗೆ ಹಂಚಿಕೊಳ್ಳಿ. ಇನ್ನೂ ಹಿಂದಕ್ಕೆ ಹೋದರೆ ಬೆಲ್ಲೂನೊದ ಮಾರ್ಕೊ ರಿಚ್ಚಿ ಇದ್ದಾರೆ, 17ನೆಯ ಶತಮಾನದ ವಿವಿಯಾನೊ ಕೊದಾತ್ಸಿ ಇದ್ದಾರೆ.

ನನ್ನ ನಿಜವಾದ ದೂರು ಇರುವುದು ವಾಸ್ತುಶಿಲ್ಪದ ಬಗ್ಗೆ ನೀವು ಬರೆದ ಪ್ರಬಂಧದ ಮೇಲೆ. ವೆನಿಸ್ಸಿನಲ್ಲಿ ಕಾರ್ಲೊ ಲೊಡೊಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಇದ್ದರು. ಕಟ್ಟಡದಲ್ಲಿ ಏನು ಕೆಲಸ ಮಾಡುತ್ತದೋ ಅದಷ್ಟೇ ಕಣ್ಣಿಗೆ ಕಾಣಬೇಕು, ಕಲ್ಲು ಕಲ್ಲಾಗಿರಬೇಕು, ಮರದ ತೊಲೆ ಜಂತಿಗಳ ಆಕಾರವನ್ನು ಕಲ್ಲಿನಲ್ಲಿ ಕೆತ್ತಿ ಅಲಂಕಾರ ಎನ್ನುವುದು ಸಲ್ಲದು ಎಂದು ಅವರು ಪಾಠ ಹೇಳುತ್ತಿದ್ದರು. ಅವರ ವಿಚಾರಗಳು ನಮಗೆ ಸಿಕ್ಕಿದ್ದು ಬಹುಮಟ್ಟಿಗೆ ನಿಮ್ಮಂಥ ಕೇಳುಗರ ಬರವಣಿಗೆಯಿಂದ. ಅದಕ್ಕಾಗಿ ನಾವು ನಿಮಗೆ ಋಣಿಗಳು. ಆದರೆ ನೀವು ಲೊಡೊಲಿಯ ವಾದವನ್ನು ವಿವರವಾಗಿ ಮುಂದಿಟ್ಟು, ಕೊನೆಗೆ ಅದರಿಂದ ತಪ್ಪಿಸಿಕೊಳ್ಳಲು ಹಿಡಿದ ದಾರಿ ಯಾವುದು? ಹೌದು, ಇದು ಸುಳ್ಳೇ, ಆದರೆ ನಿಜಕ್ಕಿಂತ ಚೆಂದದ ಸುಳ್ಳು ಎಂಬ ದಾರಿ. ಗ್ರೀಕ್ ದೇವಾಲಯದ ಕಂಬಸಾಲಿನ ಬಗ್ಗೆ ನೀವು ಹೇಳಿದ ಈ ಮಾತು ನಿಮ್ಮ ಪಾರ್ಮಾದ ಚಿತ್ರಕ್ಕೂ ಬಂದು ತಾಗುತ್ತದೆ. ಅಂದಿನಿಂದ ಇಂದಿನವರೆಗೂ ಈ ಬಗೆಯ ಚಿತ್ರಗಳನ್ನು ಹೊಗಳುವವರು ಚೆಂದದ ಸುಳ್ಳು ಎಂದೇ ಹೊಗಳುತ್ತಾರೆ, ತೆಗಳುವವರೂ ಅದನ್ನೇ ಹೇಳಿ ತೆಗಳುತ್ತಾರೆ.

ಸ್ವಾಮಿ, ಅದು ಸುಳ್ಳಲ್ಲ. ಸುಳ್ಳು ಹೇಳಿದರೆ ಅದನ್ನು ನಂಬಿ ಮೋಸಹೋಗುವವರು ಒಬ್ಬರಾದರೂ ಬೇಕು. ಇಲ್ಲಿ ಮೋಸಹೋದವರು ಯಾರು? ಸ್ಮಿತ್ ಅವರ ಮನೆ ಇದ್ದುದು ಗ್ರ್ಯಾಂಡ್ ಕೆನಾಲಿನ ದಂಡೆಯ ಮೇಲೆಯೇ, ರಿಯಾಲ್ಟೊ ಸೇತುವೆಗೆ ಹತ್ತಿರದಲ್ಲೇ. ಮನೆಯ ಮೆಟ್ಟಿಲಿಳಿದು ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ನಿಜವಾದ ಸೇತುವೆ ಎದುರಾಗುತ್ತಿತ್ತು. ಮನೆಗೆ ಮರಳಿದರೆ ಬಾಗಿಲಿನ ಮೇಲೆ ಪಲ್ಲಾಡಿಯೊ ಸೇತುವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡು ಎಂದೇ ಆ ಚಿತ್ರ ಕೇಳುತ್ತಿತ್ತು. ಕ್ಯಾನಲೆಟ್ಟೊ ತಮ್ಮ ಕಡೆಯಿಂದಲೂ ಮುಚ್ಚುಮರೆ ಮಾಡಿದವರಲ್ಲ. 1740ರ ದಶಕದಲ್ಲಿ ತಾಮ್ರದ ತಗಡಿನ ಮೇಲೆ ತಾವೇ ಕೊರೆದ ಅಚ್ಚುಚಿತ್ರಗಳನ್ನು ಕಟ್ಟುಮಾಡಿ ಸ್ಮಿತ್ ಅವರಿಗೆ ಅರ್ಪಿಸಿದಾಗ, ಇವುಗಳಲ್ಲಿ ಕೆಲವು ಜಾಗಗಳನ್ನು ನೋಡಿ ತೆಗೆದವು, ಕೆಲವು ಕಲ್ಪಿಸಿದವು ಎಂದು ಶೀರ್ಷಿಕೆಯ ಪುಟದಲ್ಲೇ ತಿಳಿಸಿದರು. ಇಷ್ಟು ಬಿಚ್ಚಿ ಹೇಳಿದ ಮೇಲೂ ಅದನ್ನು ಸುಳ್ಳು ಎನ್ನುವುದು ನ್ಯಾಯವಲ್ಲ.

ನಂಬಿಸುವ ಕೆಲಸ ನಡೆದದ್ದು ಇನ್ನೊಂದು ಕಡೆ. ಯಾವ ಚಿತ್ರಗಳನ್ನು ನಿಮ್ಮ ಕಾಲದವರು ಕನ್ನಡಿಯಷ್ಟು ನಿಖರ ಎಂದು ಮೆಚ್ಚಿ, ಗ್ರ್ಯಾಂಡ್ ಟೂರ್ ಎಂಬ ಯೂರೋಪ್ ಪ್ರವಾಸ ಮುಗಿಸಿದ ಇಂಗ್ಲಿಷ್ ಶ್ರೀಮಂತರು ದುಡ್ಡು ಸುರಿದು ಕೊಂಡೊಯ್ದರೋ, ಆ ‘ಇದ್ದದ್ದನ್ನು ಇದ್ದಂತೆ’ ಬರೆದ ದೃಶ್ಯಚಿತ್ರಗಳಲ್ಲಿ. ಕ್ಯಾನಲೆಟ್ಟೊ ಅವುಗಳಲ್ಲಿ ಕೆನಾಲನ್ನು ಬೇಕಾದಷ್ಟು ಅಗಲ ಮಾಡಿದ್ದಾರೆ. ಒಂದೇ ಜಾಗದಲ್ಲಿ ನಿಂತು ಕಾಣಲಾಗದ ಎರಡು ನೋಟಗಳನ್ನು ಹೊಲಿಗೆ ಕಾಣದಂತೆ ಒಂದೇ ಕ್ಯಾನ್ವಾಸಿನಲ್ಲಿ ಕೂಡಿಸಿದ್ದಾರೆ. ಗಂಟೆಗೋಪುರಗಳ ಎತ್ತರವನ್ನು ಚಿತ್ರದ ಸಮತೋಲಕ್ಕೆ ತಕ್ಕಂತೆ ಹೊಂದಿಸಿದ್ದಾರೆ. 1762ರ ನಿಮ್ಮ ಚಿತ್ರಕಲೆಯ ಪ್ರಬಂಧದಲ್ಲಿ ಹೊರಗಿನ ದೃಶ್ಯವನ್ನು ಒಳಗೆ ಮೂಡಿಸುವ ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಪೆಟ್ಟಿಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಇಟಲಿಯ ಒಳ್ಳೆಯ ದೃಶ್ಯಚಿತ್ರಕಾರರು ಅದನ್ನು ಬಳಸುತ್ತಾರೆ, ಎಲ್ಲರೂ ಬಳಸಬೇಕು ಎಂದು ಶಿಫಾರಸು ಮಾಡಿದವರು ನೀವು. ಆ ಪೆಟ್ಟಿಗೆ ತೋರಿಸಿದ್ದನ್ನು ಹಾಗೆಯೇ ಇಳಿಸಿದ್ದರೆ ಕ್ಯಾನಲೆಟ್ಟೊ ಚಿತ್ರಗಳು ಹೀಗೆ ಇರುತ್ತಿರಲಿಲ್ಲ. ನಿಖರ ಎನಿಸಿಕೊಂಡ ಚಿತ್ರದಲ್ಲಿ ತಿದ್ದುಪಡಿ ಗುಟ್ಟಾಗಿ ಕುಳಿತಿದೆ; ಕಲ್ಪಿತ ಎನಿಸಿಕೊಂಡ ಚಿತ್ರದಲ್ಲಿ ತಿದ್ದುಪಡಿ ಎಲ್ಲರ ಕಣ್ಣೆದುರಿಗೇ ಇದೆ. ಪ್ರಾಮಾಣಿಕತೆಯ ಪಂದ್ಯ ಇಟ್ಟರೆ ನನ್ನ ಮತ ಎರಡನೆಯದಕ್ಕೆ.

ಈ ಚಿತ್ರಗಳ ಮೈಯನ್ನು ಹತ್ತಿರದಿಂದ ನೋಡಿದರೂ ಅದೇ ಮಾತು ಹೇಳಬೇಕಾಗುತ್ತದೆ. ಕ್ಯಾನಲೆಟ್ಟೊ ಕಟ್ಟಡ ಬರೆಯುವಾಗ ಇನ್ನೂ ಹಸಿಯಿದ್ದ ಬಣ್ಣದ ಮೇಲೆ ರೂಲರ್ ಇಟ್ಟು ಮೊನೆಯಿಂದ ಗೆರೆ ಕೊರೆಯುತ್ತಿದ್ದರು, ಕಮಾನುಗಳಿಗೆ ಕೈವಾರ ಆಡಿಸುತ್ತಿದ್ದರು. ದೀಪವನ್ನು ಒಂದು ಪಕ್ಕದಿಂದ ಹಿಡಿದರೆ ಆ ಗೀರುಗಳು ಈಗಲೂ ಕಾಣುತ್ತವೆ. ಆ ಗೀರುಗಳ ಮೇಲೆ ತೆಳ್ಳನೆಯ ನೆರಳಿನ ಬಣ್ಣ, ಅದರ ಮೇಲೆ ಕಂಬದ ಬಿಸಿಲು ಬಿದ್ದ ಅಂಚಿಗೆ ದಪ್ಪನೆಯ ಬಿಳಿಯ ಒಂದು ಎಳೆ. ಜನರಂತೂ ಎರಡು ಮೂರು ಚುಕ್ಕೆಗಳು: ಒಂದು ಟೋಪಿಗೆ, ಒಂದು ಮುಖಕ್ಕೆ, ಒಂದು ಬೆನ್ನಿಗೆ. ಇರುವ ಕಟ್ಟಡಕ್ಕಾಗಲಿ ಇಲ್ಲದ ಕಟ್ಟಡಕ್ಕಾಗಲಿ ಈ ಕ್ರಮದಲ್ಲಿ ಭೇದವಿಲ್ಲ. ಅಷ್ಟೇ ಅಳತೆ, ಅಷ್ಟೇ ಕೂಲಿ. ಕಲ್ಪನೆ ಎಂದರೆ ಮನಸ್ಸಿಗೆ ಬಂದಂತೆ ಬರೆಯುವುದು ಎಂದುಕೊಂಡವರಿಗೆ ಆ ಗೀರುಗಳನ್ನು ತೋರಿಸಬೇಕು.

ಈ ಕಟ್ಟುನಿಟ್ಟು ಅವರಿಗೆ ಬಂದದ್ದು ನಾಟಕಶಾಲೆಯಿಂದ. ಅವರ ತಂದೆ ಬೆರ್ನಾರ್ದೊ ಕನಾಲ್ ರಂಗದ ಪರದೆ ಬರೆಯುವವರು. 1719-20ರಲ್ಲಿ ತಂದೆ ಮಗ ಇಬ್ಬರೂ ರೋಮಿಗೆ ಹೋಗಿ ಅಲೆಸ್ಸಾಂದ್ರೊ ಸ್ಕಾರ್ಲಾತ್ತಿಯ ಒಪೆರಾಗಳಿಗೆ ಪರದೆ ಬರೆದರು. ಮಾರ್ಕೊ ರಿಚ್ಚಿ 1708ರಲ್ಲಿ ಲಂಡನ್ನಿಗೆ ಹೋದದ್ದೂ ಹೇಮಾರ್ಕೆಟ್ಟಿನ ಒಪೆರಾ ಪರದೆಗಳಿಗೆ. ರೋಮಿನ ಜೊವಾನ್ನಿ ಪಾವೊಲೊ ಪನೀನಿ ಪಿಯಾಚೆಂಜಾದಲ್ಲಿ ಪರ್ಸ್ಪೆಕ್ಟಿವ್ ಕಲಿತದ್ದು ಪರದೆ ಬರೆಯುವ ಮಂದಿಯ ಕೈಕೆಳಗೆ. ಇವರೆಲ್ಲರ ಹಿಂದೆ ನಿಂತವರು ಗಲ್ಲಿ ಬಿಬಿಯೆನಾ ಮನೆತನದವರು. ಫೆರ್ದಿನಾಂದೊ ಬಿಬಿಯೆನಾ 1711ರಲ್ಲಿ ಪಾರ್ಮಾದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ರಂಗದ ಮೇಲೆ ಕಟ್ಟಡವನ್ನು ಎದುರುಬದುರಾಗಿ ನಿಲ್ಲಿಸದೆ ಮೂಲೆಯಿಂದ ತೋರಿಸುವ ವಿಧಾನವನ್ನು ವಿವರಿಸಿದರು. ಅದಕ್ಕೆ ಮುಂಚೆ ರಂಗದ ಬೀದಿ ನೇರವಾಗಿ ಒಂದೇ ಬಿಂದುವಿಗೆ ಓಡಿ ಮುಗಿದುಹೋಗುತ್ತಿತ್ತು. ಮೂಲೆಯಿಂದ ನೋಡಿದಾಗ ಮೊಗಸಾಲೆಗಳು ಎಡಕ್ಕೂ ಬಲಕ್ಕೂ ಹರಿದು ರಂಗದ ಆಚೆಗೂ ಅರಮನೆ ಇದೆ ಎನ್ನಿಸತೊಡಗಿತು. ಒಪೆರಾ ಬಗ್ಗೆ 1755ರಲ್ಲಿ ಪ್ರಬಂಧ ಬರೆದ ನಿಮಗೆ ಈ ವಿದ್ಯೆಯ ಬೆಲೆ ಗೊತ್ತು. ಒಂದು ಸಂಜೆಯ ಪ್ರದರ್ಶನಕ್ಕೆ ಬರೆದ ಪರದೆ ಸುತ್ತಿಟ್ಟ ಮೇಲೆ ಹರಿದು ಹಾಳಾಗುತ್ತದೆ. ಆ ವಿದ್ಯೆ ಕ್ಯಾನ್ವಾಸಿನ ಮೇಲೆ ಬಂದು ನೆಲೆಸಿದ್ದು ನಮ್ಮ ಭಾಗ್ಯ.

ಪನೀನಿಯ ಮಾತು ಬಂತಲ್ಲ, ಎಲ್ಲ ಕಲ್ಪಿತ ಕಟ್ಟಡಗಳೂ ನನಗೆ ಸಮಾನ ಪ್ರಿಯ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅವರ ಅನೇಕ ಕ್ಯಾನ್ವಾಸುಗಳಲ್ಲಿ ಪ್ಯಾಂಥಿಯನ್, ಕೊಲೊಸಿಯಮ್, ಟ್ರೇಜನ್ನನ ಸ್ತಂಭ ಎಲ್ಲ ಒಂದೇ ಅಂಗಳದ ನೆರೆಹೊರೆಯವರಂತೆ ನಿಲ್ಲುತ್ತವೆ. ರೋಮಿನಲ್ಲಿ ಪ್ಯಾಂಥಿಯನ್ನಿನಿಂದ ಕೊಲೊಸಿಯಮ್ಮಿಗೆ ಒಂದೂವರೆ ಕಿಲೋಮೀಟರಿನಷ್ಟು ನಡೆಯಬೇಕು. ಪ್ರವಾಸಿಗೆ ಆ ನಡಿಗೆಯ ಶ್ರಮ ಉಳಿಸಿಕೊಟ್ಟ ಚಿತ್ರಗಳಿವು. ನೋಡಿದ್ದನ್ನೆಲ್ಲ ಒಂದೇ ಗೋಡೆಗೆ ಹೊಂದಿಸಿಕೊಳ್ಳುವ ಆಸೆಗೆ ಅವು ಒದಗಿ ಬಂದವು, ಅಲ್ಲಿಗೆ ಮುಗಿಯಿತು. ಆದರೆ ಇದೇ ಪನೀನಿ 1757ರಲ್ಲಿ ಫ್ರಾನ್ಸಿನ ರಾಯಭಾರಿ ಸ್ಟೆನ್‌ವಿಲ್ ಕೌಂಟ್ ಅವರಿಗೆ ಬರೆದುಕೊಟ್ಟ ‘ಪ್ರಾಚೀನ ರೋಮ್’ ಮತ್ತು ‘ಆಧುನಿಕ ರೋಮ್’ ಎಂಬ ಜೋಡಿಯ ಮುಂದೆ ನನ್ನ ತಕರಾರು ನಿಲ್ಲುವುದಿಲ್ಲ. ಕಮಾನು ಚಾವಣಿಯ ವಿಶಾಲ ಚಿತ್ರಶಾಲೆ. ಗೋಡೆಯ ತುಂಬ, ನೆಲದ ಮೇಲೆ ಒರಗಿಸಿ, ಎಲ್ಲೆಲ್ಲೂ ರೋಮಿನ ಒಂದೊಂದು ಕಟ್ಟಡದ ಚೌಕಟ್ಟು ಹಾಕಿದ ಚಿತ್ರ. ನಡುನಡುವೆ ಲಾವೊಕೋನ್, ಫರ್ನೇಸ್ ಹರ್ಕ್ಯುಲಿಸ್, ಸಾಯುತ್ತಿರುವ ಗಾಲ್. ಆಧುನಿಕ ರೋಮಿನ ಚಿತ್ರದಲ್ಲಾದರೆ ಮೈಕೆಲೆಂಜೆಲೊನ ಮೋಸೆಸ್, ಬೆರ್ನೀನಿಯ ಅಪೊಲೊ ಮತ್ತು ಡಾಫ್ನೆ. ಹುಡುಗರು ಕುಳಿತು ನಕಲು ತೆಗೆಯುತ್ತಿದ್ದಾರೆ. ಅಂಥ ಚಿತ್ರಶಾಲೆ ರೋಮಿನಲ್ಲಿ ಎಲ್ಲೂ ಇರಲಿಲ್ಲ. ಒಂದು ಊರನ್ನು ಬಿಟ್ಟುಹೋಗುವವನು ಆ ಊರನ್ನು ಹೇಗೆ ನೆನಪಿನಲ್ಲಿ ಜೋಡಿಸಿಕೊಳ್ಳುತ್ತಾನೋ ಹಾಗೆ ಆ ಕೋಣೆ ಇದೆ. ರಾಯಭಾರಿ ಅದೇ ವರ್ಷ ರೋಮನ್ನು ಬಿಟ್ಟು ಹೊರಟರು. ಮುಂದೆ ಷ್ವಾಜ಼ಲ್ ಡ್ಯೂಕ್ ಆಗಿ ಫ್ರಾನ್ಸಿನ ವಿದೇಶಾಂಗ ವ್ಯವಹಾರವನ್ನೆಲ್ಲ ನಡೆಸಿದರು. ಜೋಡಿ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ, ಪನೀನಿ ಮತ್ತೆ ಬರೆದ ಇನ್ನೊಂದು ಜೋಡಿ ಲೂವ್ರ್‌ನಲ್ಲಿದೆ.

ಇನ್ನೊಂದು ಚಿತ್ರವನ್ನು ನಿಮ್ಮ ಗಮನಕ್ಕೆ ತರಲೇಬೇಕು, ಏಕೆಂದರೆ ಅದು ನೀವು ಗುರುವೆಂದು ಬಗೆದ ನ್ಯೂಟನ್ನರ ಮೇಲಿನದು. ಓವನ್ ಮ್ಯಾಕ್‌ಸ್ವೀನಿ ಎಂಬ ಐರಿಷ್ ನಾಟಕ ಕಂಪನಿಯ ವ್ಯವಸ್ಥಾಪಕ ಲಂಡನ್ನಿನಲ್ಲಿ ಸಾಲ ಮೈಮೇಲೆ ಬಂದು ಇಟಲಿಗೆ ಓಡಿಬಂದ. 1720ರ ದಶಕದಲ್ಲಿ ಬ್ರಿಟನ್ನಿನ ಹೆಸರಾಂತರಿಗೆ ಕಲ್ಪಿತ ಗೋರಿಗಳನ್ನು ಇಟಲಿಯ ಚಿತ್ರಕಾರರಿಂದ ಬರೆಸುವ ಯೋಜನೆ ಹಾಕಿದ. ಒಂದೊಂದು ಕ್ಯಾನ್ವಾಸಿಗೂ ಇಬ್ಬರು ಮೂವರ ಕೈ: ಕಟ್ಟಡ ಒಬ್ಬರದು, ಮನುಷ್ಯರು ಇನ್ನೊಬ್ಬರದು, ಗಿಡಮರ ಮತ್ತೊಬ್ಬರದು. ಲಾರ್ಡ್ ಸೋಮರ್ಸ್ ಗೋರಿಯಲ್ಲಿ ಎಳೆಯ ಕ್ಯಾನಲೆಟ್ಟೊ, ಪಿಯಾತ್ಸೆತ್ತಾ, ಚಿಮರೋಲಿ ಮೂವರೂ ಕೂಡಿ ದುಡಿದಿದ್ದಾರೆ. ನ್ಯೂಟನ್ನರ ಗೋರಿಗೆ ವ್ಯಾಲೇರಿಯಾನಿ ಸೋದರರು ಕಟ್ಟಡ ಬರೆದರು, ಪಿತ್ತೋನಿ ಮನುಷ್ಯರನ್ನು ಬರೆದರು. ಎತ್ತರದ ಭವನ, ನಡುವೆ ಬೂದಿಯ ಕಲಶ, ಅದರ ಮೇಲೆ ಹಾದು ಬರುವ ಬೆಳಕಿನ ಕೋಲೊಂದು ಪ್ರಿಸಮ್ಮಿಗೆ ತಾಗಿ ಬಣ್ಣಬಣ್ಣವಾಗಿ ಒಡೆಯುತ್ತದೆ. ಅದು ಈಗ ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಮ್ ಮ್ಯೂಸಿಯಮ್ಮಿನಲ್ಲಿದೆ. ಬೊಲೋನ್ಯದಲ್ಲಿ ಎಳೆಯ ವಯಸ್ಸಿನಲ್ಲಿ ಪ್ರಿಸಮ್ ಹಿಡಿದು ನ್ಯೂಟನ್ನರ ಪ್ರಯೋಗಗಳನ್ನು ಮಾಡಿ ತೋರಿಸಿದವರು, 1737ರಲ್ಲಿ ಮಹಿಳೆಯರಿಗಾಗಿ ನ್ಯೂಟನ್ ಸಿದ್ಧಾಂತದ ಪುಸ್ತಕ ಬರೆದು ಯೂರೋಪಿನಲ್ಲೆಲ್ಲ ಹೆಸರಾದವರು ನೀವು. ಹೇಳಿ, ಆ ಬೆಳಕಿನ ಕೋಲನ್ನು ಸುಳ್ಳು ಎನ್ನುತ್ತೀರಾ? ಭವನ ಇಲ್ಲ, ಕಲಶ ಇಲ್ಲ. ಬಿಳಿ ಬೆಳಕು ಒಡೆದು ಬಣ್ಣಗಳಾಗುವುದು ಮಾತ್ರ ನೂರಕ್ಕೆ ನೂರು ನಿಜ, ಮತ್ತು ಆ ನಿಜವನ್ನು ಹಿಡಿದು ನಿಲ್ಲಿಸಲೆಂದೇ ಇಲ್ಲದ ಭವನವನ್ನು ಕಟ್ಟಬೇಕಾಯಿತು.

ಈಗ ನಿಮ್ಮ ಮನಸ್ಸಿಗೆ ಸ್ವಲ್ಪ ನೋವಾಗುವ ಮಾತು. ಪೆಶ್ಶಿಗೆ ಬರೆದ ಅದೇ ಪತ್ರದಲ್ಲಿ ನೀವು ಇರುವ ರಿಯಾಲ್ಟೊ ಸೇತುವೆಯನ್ನು ದೊಡ್ಡ ಕಮಾನಾಗಿ ಪೇರಿಸಿದ ಕಲ್ಲಿನ ರಾಶಿ, ಅದರ ಬೆನ್ನ ಮೇಲೆ ಕುಳ್ಳು ಅಂಗಡಿಗಳು ಎಂಬಂತೆ ತಳ್ಳಿಹಾಕಿದ್ದೀರಿ. ಇದು ಅನ್ಯಾಯ. ಆ ಜಾಗದಲ್ಲಿದ್ದ ಮರದ ಸೇತುವೆ 1444ರಲ್ಲಿ ಮೆರವಣಿಗೆ ನೋಡಲು ಸೇರಿದ ಜನರ ಭಾರಕ್ಕೆ ಕುಸಿದಿತ್ತು, 1524ರಲ್ಲಿ ಮತ್ತೆ ಬಿದ್ದಿತ್ತು. ದಶಕಗಳ ಕಾಲ ಚರ್ಚೆ ನಡೆದು, ಕೊನೆಗೆ 1588ರಿಂದ 1591ರ ಒಳಗೆ ಅಂತೋನಿಯೊ ದ ಪೊಂಟೆ ಇಪ್ಪತ್ತೆಂಟು ಮೀಟರಿಗೂ ಹೆಚ್ಚು ಅಗಲದ ಒಂದೇ ಕಮಾನನ್ನು ಎಸೆದರು. ಕೆಸರಿನ ನೆಲದಲ್ಲಿ ಸಾವಿರಾರು ಮರದ ಕಂಬಗಳನ್ನು ಬಡಿದು ಎರಡೂ ದಡಗಳಲ್ಲಿ ಕಾಲೂರಿಸಿದರು. ನೀರಿನ ನಡುವೆ ಒಂದು ಕಂಬವೂ ಇಲ್ಲ. ಸರಕಿನ ದೋಣಿ, ಮೆರವಣಿಗೆಯ ದೋಣಿ ಯಾವುದೂ ತಡೆಯಿಲ್ಲದೆ ಸಾಗುತ್ತದೆ. ಪಲ್ಲಾಡಿಯೊ ಯೋಜನೆಯಲ್ಲಿ ಮೂರು ಕಮಾನು ಎಂದರೆ ನೀರಿನೊಳಗೆ ಎರಡು ದಪ್ಪ ಕಾಲುಗಳು. ಮೇಲೆ ಮೂರು ಬೀದಿ, ಆರು ಸಾಲು ಅಂಗಡಿ, ನಡುವೆ ಮಂಟ‍ಪ. ಕೆನಾಲಿನ ಅತಿ ಕಿರಿದಾದ, ಅತಿ ಹೆಚ್ಚು ದೋಣಿ ಓಡಾಡುವ ಕಡೆ ಅದನ್ನು ನಿಲ್ಲಿಸಿದ್ದರೆ ದೋಣಿ ನಡೆಸುವವರು ದಿನಾ ಶಾಪ ಹಾಕುತ್ತಿದ್ದರು. ಪಲ್ಲಾಡಿಯೊ ತಮ್ಮ ಪುಸ್ತಕದಲ್ಲಿ ವೆನಿಸ್ಸಿನ ಹೆಸರನ್ನೇ ಎತ್ತದೆ, ಇಟಲಿಯ ಬಹು ದೊಡ್ಡ ನಗರವೊಂದಕ್ಕೆ ಎಂದಷ್ಟೇ ಹೇಳಿ ಸುಮ್ಮನಾದರು. ಅವರಿಗೂ ಒಳಗೆ ನೋವಿದ್ದಿರಬೇಕು.

ಆದ್ದರಿಂದ ಈ ಚಿತ್ರವನ್ನು ವೆನಿಸ್ಸಿನ ತಪ್ಪಿಗೆ ತಿದ್ದುಪಡಿ ಎಂದು ಮಂಡಿಸಿದರೆ ನಾನು ನಿಮ್ಮೊಂದಿಗಿಲ್ಲ. ವೆನಿಸ್ ತಪ್ಪು ಮಾಡಿರಲಿಲ್ಲ. ಸೋತ ಯೋಜನೆಯೂ ಒಂದು ಮಹಾ ಯೋಜನೆಯೇ ಆಗಿತ್ತು, ಅದನ್ನು ಊರು ಒಮ್ಮೆಯಾದರೂ ಬಿಸಿಲಿನಲ್ಲಿ ನೋಡಬೇಕಿತ್ತು. ಕಾಗದದ ಮೇಲಿನ ನಕ್ಷೆಯಲ್ಲಿ ಬಿಸಿಲಿರುವುದಿಲ್ಲ, ನೀರಿನ ತೇವ ಇರುವುದಿಲ್ಲ, ಮೆಟ್ಟಿಲಿನ ಮೇಲೆ ಹರಟುವ ಜನ ಇರುವುದಿಲ್ಲ. ಅವನ್ನೆಲ್ಲ ಕೊಟ್ಟು ಸುಮಾರು ಎರಡು ಶತಮಾನಗಳ ನಂತರ ಪಲ್ಲಾಡಿಯೊ ಅವರ ಅಹವಾಲನ್ನು ಮತ್ತೆ ಊರಿನ ಮುಂದೆ ಇಟ್ಟದ್ದು ಕ್ಯಾನಲೆಟ್ಟೊ. ಇಷ್ಟು ದೊಡ್ಡ ಕೆಲಸ ಮಾಡಿಸಿ ನೀವು ಅದನ್ನು ಸಿಂಗಾರ ಎಂದಿರಿ.

ನಿಮ್ಮ ಕಾಲದ ವಿದ್ವಾಂಸರಿಗೂ ಈ ಬಗೆಯ ಚಿತ್ರಕಾರರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ವೆನಿಸ್ಸಿನ ಅಕಾಡೆಮಿ 1763ರ ಜನವರಿಯಲ್ಲಿ ಕ್ಯಾನಲೆಟ್ಟೊ ಅವರನ್ನು ಬಿಟ್ಟು ಬೇರೆಯವರನ್ನು ಆರಿಸಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಳಗೆ ಬಿಟ್ಟುಕೊಂಡಿತು. ಆಗ ಅವರಿಗೆ ಅರುವತ್ತೈದು ವಯಸ್ಸು, ಯೂರೋಪಿನಲ್ಲೆಲ್ಲ ಹೆಸರಿತ್ತು. ಪುರಾಣ, ಚರಿತ್ರೆ ಬರೆದವರು ಮೇಲು, ಊರು ಕೇರಿ ಬರೆದವರು ಕೀಳು ಎಂಬ ಪಂಕ್ತಿಭೇದ ಅದು. ಸದಸ್ಯರಾದವರು ಒಂದು ಚಿತ್ರ ಒಪ್ಪಿಸಬೇಕಿತ್ತು. 1765ರಲ್ಲಿ ಕ್ಯಾನಲೆಟ್ಟೊ ಕೊಟ್ಟದ್ದು ಏನು? ಸಂತ ಮಾರ್ಕನ ಚೌಕವಲ್ಲ, ಗ್ರ್ಯಾಂಡ್ ಕೆನಾಲ್ ಅಲ್ಲ. ಎಲ್ಲೂ ಇಲ್ಲದ ಒಂದು ಅರಮನೆಯ ಅಂಗಳ, ಒಳಕ್ಕೆ ಸರಿಯುತ್ತ ಹೋಗುವ ಕಂಬಸಾಲಿನ ಪಡಸಾಲೆ, ಅಲ್ಲಿ ತಮ್ಮ ಪಾಡಿಗೆ ತಾವಿರುವ ಜನ. ಬಾಳಿಡೀ ಇರುವ ಊರನ್ನು ಬರೆದು ಬದುಕಿದವರು, ನಿನ್ನ ವಿದ್ಯೆ ಏನೆಂದು ತೋರಿಸು ಎಂದಾಗ ಇಲ್ಲದ ಕಟ್ಟಡವನ್ನು ತೋರಿಸಿದರು. ಆ ಚಿತ್ರ ಇಂದಿಗೂ ಅಕಾಡೆಮಿಯ ಚಿತ್ರಶಾಲೆಯಲ್ಲೇ ಇದೆ. ಆ ಹೊತ್ತಿಗೆ ನೀವು ಇರಲಿಲ್ಲ. ಇದ್ದಿದ್ದರೆ ಅದರ ಬಗ್ಗೆ ಒಂದು ಪತ್ರ ಖಂಡಿತ ಬರೆಯುತ್ತಿದ್ದಿರಿ.

ನೀವು ನೋಡದೆ ಹೋದ ಇನ್ನೂ ಕೆಲವು ಸಂಗತಿಗಳಿವೆ. ಸ್ಮಿತ್ ಬರೆಸಿದ ಚಿತ್ರದಲ್ಲಿ ಕೆಳಗಿಳಿದ ಕಂಚಿನ ಕುದುರೆಗಳು 1797ರಲ್ಲಿ ನಿಜವಾಗಿಯೂ ಕೆಳಗಿಳಿದವು. ನಿಮ್ಮ ಗಣರಾಜ್ಯವನ್ನು ಮುಗಿಸಿದ ನೆಪೋಲಿಯನ್ ಅವನ್ನು ಪ್ಯಾರಿಸ್ಸಿಗೆ ಸಾಗಿಸಿದ. 1815ರಲ್ಲಿ ಮರಳಿ ಬಂದವು. ಈಗ ಮೇಲಿರುವುದು ನಕಲು, ಮೂಲ ಕುದುರೆಗಳು ಒಳಗೆ ಮ್ಯೂಸಿಯಮ್ಮಿನಲ್ಲಿವೆ. ನಾಲ್ಕನ್ನೂ ಕಣ್ಣಿಗೆ ಸಮೀಪ ತಂದು ನೋಡಬೇಕೆಂಬ ಕ್ಯಾನಲೆಟ್ಟೊ ಅವರ ಆಸೆ ಹೀಗೆ ನೆರವೇರಿತು. ಅವರ ಸೋದರಳಿಯ ಬೆರ್ನಾರ್ದೊ ಬೆಲ್ಲೊಟ್ಟೊ ವಾರ್ಸಾದಲ್ಲಿ ಪೋಲೆಂಡ್ ದೊರೆಗಾಗಿ ಬರೆದ ಬೀದಿಗಳ ಚಿತ್ರಗಳು, 1944ರಲ್ಲಿ ಜರ್ಮನರು ಆ ಊರನ್ನು ನೆಲಸಮ ಮಾಡಿದ ಮೇಲೆ ಮತ್ತೆ ಕಟ್ಟುವವರಿಗೆ ದಾರಿ ತೋರಿಸಿದವು. ಬೆಲ್ಲೊಟ್ಟೊ ಕೂಡ ತಮ್ಮ ಮಾವನಂತೆಯೇ ಅಲ್ಲಲ್ಲಿ ಕಟ್ಟಡವನ್ನು ತಿದ್ದಿ ಬರೆಯುವ ಸ್ವಾತಂತ್ರ್ಯ ವಹಿಸಿದವರು. ವೆನಿಸ್ಸಿನ ಬಳಿ ಕಲ್ಲುಕೆಲಸದವನ ಮಗನಾಗಿ ಹುಟ್ಟಿದ ಅಚ್ಚುಚಿತ್ರಕಾರ ಪಿರನೇಸಿ ತಮ್ಮನ್ನು ವೆನಿಸ್ಸಿನ ವಾಸ್ತುಶಿಲ್ಪಿ ಎಂದೇ ಕರೆದುಕೊಂಡರು. ರೋಮಿನಲ್ಲಿ ಅವರಿಗೆ ಕಟ್ಟಲು ಸಿಕ್ಕಿದ್ದು ಒಂದೇ ಒಂದು ಚರ್ಚು, ಮಿಕ್ಕಿದ್ದನ್ನೆಲ್ಲ ತಾಮ್ರದ ತಗಡಿನ ಮೇಲೆ ಕಟ್ಟಿದರು. ಅವರ ಕಲ್ಪಿತ ಸೆರೆಮನೆಗಳ ಬಗ್ಗೆ ಹೇಳಲು ಹೊರಟರೆ ಬೇರೆಯೇ ಪತ್ರ ಬೇಕು.

ನಿಮಗೂ ಒಂದು ಕಟ್ಟಡ ಸಿಕ್ಕಿತು. ಬೊಲೋನ್ಯದ ಮಾವ್ರೊ ತೇಸಿಯನ್ನು ನೀವು ಮಗನಂತೆ ಪೋಷಿಸಿ ಕಲ್ಪಿತ ಕಟ್ಟಡಗಳ ಚಿತ್ರ ಬರೆಸುತ್ತಿದ್ದಿರಿ. ಪೀಸಾದ ಕಾಂಪೊಸಾಂಟೊದಲ್ಲಿರುವ ನಿಮ್ಮ ಸಮಾಧಿಯ ವಿನ್ಯಾಸದಲ್ಲಿ ಕಾರ್ಲೊ ಬಿಯಾಂಕೋನಿಯ ಜೊತೆಗೆ ಅದೇ ತೇಸಿಯ ಕೈ ಇದೆ, ಪ್ರಷ್ಯಾದ ದೊರೆ ಫ್ರೆಡರಿಕ್ ಅದನ್ನು ಮಾಡಿಸಿದರು. ತೇಸಿ ನೀವು ಹೋದ ಎರಡೇ ವರ್ಷಕ್ಕೆ, ಇನ್ನೂ ಮೂವತ್ತರ ಹರೆಯದಲ್ಲೇ ತೀರಿಕೊಂಡರು. ಕಾಗದದ ಮೇಲೆ ಕಟ್ಟಡ ಕಟ್ಟುವುದನ್ನು ನೀವು ಅವರಿಂದ ಮಾಡಿಸಿದಿರಿ, ಅವರು ನಿಮಗೆ ಕಲ್ಲಿನಲ್ಲೇ ಕಟ್ಟಿಕೊಟ್ಟರು.

ಕೊನೆಗೆ ಮಿಲಾನಿನ ಆಲ್ಡೊ ರೊಸ್ಸಿಯ ವಿಷಯ. 1966ರಲ್ಲಿ ನಗರದ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಪುಸ್ತಕ ಬರೆದ ಈ ವಾಸ್ತುಶಿಲ್ಪಿ ಅದರ ನಂತರದ ಆವೃತ್ತಿಯ ಮುನ್ನುಡಿಯಲ್ಲಿ ನಿಮ್ಮ ಪಾರ್ಮಾದ ಚಿತ್ರವನ್ನೇ ಎತ್ತಿಕೊಂಡರು. ಮೂರು ಕಟ್ಟಡಗಳಲ್ಲಿ ಒಂದೂ ವೆನಿಸ್ಸಿನಲ್ಲಿಲ್ಲ, ಒಂದಂತೂ ಎಲ್ಲೂ ಇಲ್ಲ, ಆದರೂ ನೋಡಿದವರಿಗೆ ವೆನಿಸ್ಸಿನ ಗುರುತು ಹತ್ತುತ್ತದೆ. ಇರುವ ಊರಿಗೆ ಸಾಟಿಯಾಗಿ ನಿಲ್ಲುವ ಇನ್ನೊಂದು ಊರು ಇದು, ಯೋಜನೆ ಮಾಡುವವರು ಕಲಿಯಬೇಕಾದದ್ದು ಇಲ್ಲಿದೆ ಎಂಬುದು ಅವರ ವಾದದ ತಿರುಳು. ಸುಳ್ಳು, ಚೆಂದ ಎಂಬ ನಿಮ್ಮ ಮಾತುಗಳ ಗೊಡವೆಗೇ ಅವರು ಹೋಗಲಿಲ್ಲ. 1979ರಲ್ಲಿ ಅವರು ಉಕ್ಕಿನ ಚೌಕಟ್ಟಿಗೆ ಮರದ ಹಲಗೆ ಹೊದಿಸಿದ ಪುಟ್ಟ ನಾಟಕಶಾಲೆಯೊಂದನ್ನು ದೋಣಿಯ ಮೇಲೆ ಕಟ್ಟಿ, ನೀರಿನಲ್ಲಿ ಎಳೆಸಿಕೊಂಡು ಬಂದು, ಗ್ರ್ಯಾಂಡ್ ಕೆನಾಲಿನ ಬಾಯಲ್ಲಿ ಸುಂಕದ ಕಟ್ಟೆಯ ಪಕ್ಕಕ್ಕೆ ಕಟ್ಟಿ ನಿಲ್ಲಿಸಿದರು. ಗುಮ್ಮಟಗಳ ನಡುವೆ ಅದು ಕೆಲವು ತಿಂಗಳು ತೇಲಿತು. ಮಾರನೆಯ ವರ್ಷ ಡುಬ್ರೋವ್ನಿಕ್ಕಿಗೆ ಪಯಣ ಮಾಡಿತು, ಆಮೇಲೆ ಬಿಚ್ಚಿಹಾಕಿದರು. ಚಿತ್ರದಲ್ಲಿ ನೀವು ಮಾಡಿಸಿದ್ದನ್ನು ಅವರು ನೀರಿನ ಮೇಲೆ ಮಾಡಿದರು, ಮತ್ತು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆಯಲಿಲ್ಲ.

ಈ ಕೊನೆಯ ವಿವರ ನನಗೆ ಮುಖ್ಯ. ಪಲ್ಲಾಡಿಯೊ ನಕ್ಷೆಯೂ ಇದೆ, ಚಿತ್ರವೂ ಇದೆ, ಇಂದಿನ ಯಂತ್ರಗಳೂ ಇವೆ. ಯಾರಾದರೂ ದುಡ್ಡುಳ್ಳವರು ರಿಯಾಲ್ಟೊವನ್ನು ಕೆಡವಿ ಆ ಸೇತುವೆಯನ್ನು ನಿಜಕ್ಕೂ ಕಟ್ಟಿಸುತ್ತೇವೆಂದು ಹೊರಟರೆ, ಅದನ್ನು ವಿರೋಧಿಸಿ ಬರೆಯುವವರ ಪೈಕಿ ನಾನೂ ಒಬ್ಬ. ಆಗ ನೀವು ಯಾರ ಕಡೆ ನಿಲ್ಲುತ್ತೀರಿ ಎಂದು ಕೇಳಬೇಕೆನಿಸುತ್ತದೆ. ದ ಪೊಂಟೆ ಅವರ ಸೇತುವೆ ನೀರಿನ ಮೇಲಿರಲಿ, ಪಲ್ಲಾಡಿಯೊ ಅವರದು ಪಾರ್ಮಾದ ಗೋಡೆಯ ಮೇಲಿರಲಿ. ಎರಡರಲ್ಲಿ ಯಾವುದನ್ನೂ ಸುಳ್ಳು ಎಂದು ಕರೆಯದಿರಿ.

ಇತಿ,
ನೀವು ಬರೆಸಿದ ಚಿತ್ರವನ್ನು ನಿಮಗಿಂತ ಹೆಚ್ಚು ನಂಬುವ
ಒಬ್ಬ ಕನ್ನಡಿಗ